ಹೊಟ್ಟೆ ಕೊಯ್ಯಲು ಲಕ್ಷ ಕೊಡುತ್ತಾರೆ, ಉಸಿರಿನ ಯಂತ್ರಕ್ಕೆ ಪೈಸೆಯೂ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಆರೋಗ್ಯ ವಿಮೆ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಎಷ್ಟು ಲಕ್ಷಕ್ಕೆ ಮಾಡಿಸಬೇಕು, ತೆರಿಗೆ ಎಷ್ಟು ಉಳಿಯುತ್ತದೆ, ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಸಿಗುತ್ತದೆ ಅಂತೆಲ್ಲ. ಆಸ್ಪತ್ರೆ ಸೇರದೆ, ಮನೆಯಲ್ಲೇ ಮಂಚದ ಪಕ್ಕ ಒಂದು ಯಂತ್ರ ಇಟ್ಟುಕೊಂಡು ಬದುಕುವವರಿಗೆ ಈ ವಿಮೆ ಏನು ಕೊಡುತ್ತದೆ ಅಂತ ಮಾತ್ರ ಯಾರೂ ಬರೆದದ್ದು ನಾನು ನೋಡಿಲ್ಲ. ಬಹಳಷ್ಟು ಪಾಲಿಸಿಗಳು ಏನೂ ಕೊಡುವುದಿಲ್ಲ, ಅದಕ್ಕೇ ಇರಬೇಕು. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಉದ್ದ ಆದರೆ ಕತ್ತರಿಸಿ, ಆದರೆ ಪಾಲಿಸಿಯ ವಿಷಯ ಇರುವ ಭಾಗ ಮಾತ್ರ ದಯವಿಟ್ಟು ಉಳಿಸಿ.

ನನ್ನದು ಬಳ್ಳಾರಿ. ಸಣ್ಣದೊಂದು ಜೀನ್ಸ್ ಹೊಲಿಯುವ ಯೂನಿಟ್ ಇದೆ. ನನಗಿರುವ ಕಾಯಿಲೆಯ ಹೆಸರು ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಹಿಂದಿನ ಭಾಗ ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಉಸಿರು ಬಂದ್. ಬೆಳಿಗ್ಗೆ ಎದ್ದರೆ ಮಲಗಿದವನಿಗೆ ಇದ್ಯಾವುದೂ ನೆನಪಿರುವುದಿಲ್ಲ. ತಲೆ ಭಾರ, ಮಧ್ಯಾಹ್ನಕ್ಕೆ ತೂಕಡಿಕೆ, ಸುಮ್ಸುಮ್ನೆ ಸಿಟ್ಟು, ಅಷ್ಟೇ ಗೊತ್ತಾಗುವುದು. ನಿಜವಾಗಿ ಗೊತ್ತಾಗುವುದು ಪಕ್ಕದಲ್ಲಿ ಮಲಗಿದವರಿಗೆ. ನಮ್ಮ ಮನೆಯಲ್ಲೂ ಗೊತ್ತಾಗಿದ್ದು ನನ್ನ ಹೆಂಡತಿಗೇ. "ಗೊರಕಿ ಹೊಡೀರಿ, ಬ್ಯಾಡ ಅನ್ನಂಗಿಲ್ಲ, ಅದು ನಡುವ ನಿಂತುಬಿಡತೈತಲ್ರೀ, ಅದಕ್ಕ ನನಗ ಹೆದರಿಕಿ" ಅಂದಿದ್ದಳು.

ಇದಕ್ಕೊಂದು ಲೆಕ್ಕ ಇದೆ. ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡ್ ನಿಂತಿತು ಅಥವಾ ತೀರಾ ಕಡಿಮೆಯಾಯಿತು ಅಂತ ಸ್ಲೀಪ್ ಸ್ಟಡಿ ಅನ್ನುವ ನಿದ್ದೆಯ ಪರೀಕ್ಷೆಯಲ್ಲಿ ಎಣಿಸುತ್ತಾರೆ. ಐದಕ್ಕಿಂತ ಕಡಿಮೆ ಇದ್ದರೆ ತೊಂದರೆ ಇಲ್ಲ. 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ನನ್ನದು ತೀವ್ರದ ಗುಂಪಿನಲ್ಲಿದೆ. ಅಂದರೆ ಎರಡು ನಿಮಿಷಕ್ಕೊಮ್ಮೆಯಾದರೂ ಉಸಿರು ಕಟ್ಟುತ್ತದೆ. ಸುಮ್ನೆ ಬಿಟ್ಟರೆ ಬಿಪಿ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಪಾರ್ಶ್ವವಾಯುವಿನ ಅಪಾಯವೂ ಜಾಸ್ತಿ. ಇದಕ್ಕೆ ಮುಖ್ಯ ಚಿಕಿತ್ಸೆ ಮಾತ್ರೆಯಲ್ಲ, ಗಾಳಿ. ಸಿಪ್ಯಾಪ್ ಅನ್ನುವ ಪುಟ್ಟ ಯಂತ್ರ ಕೋಣೆಯ ಗಾಳಿಯನ್ನೇ ಎಳೆದು, ಸ್ವಲ್ಪ ಒತ್ತಡ ಕೊಟ್ಟು, ಪೈಪು ಮತ್ತು ಮಾಸ್ಕ್ ಮೂಲಕ ಮೂಗಿಗೆ ಬಿಡುತ್ತದೆ. ಆ ಒತ್ತಡಕ್ಕೆ ಗಂಟಲು ತೆರೆದೇ ಇರುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸುಲಿವನ್ ಅನ್ನುವ ವೈದ್ಯರು 1981ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ನಲವತ್ತು ವರ್ಷ ದಾಟಿದ ಚಿಕಿತ್ಸೆ, ಹೊಸದೇನೂ ಅಲ್ಲ, ಪ್ರಯೋಗವೂ ಅಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ವಿಮೆ ಕಚೇರಿಯಲ್ಲಿ ಮಾತಾಡಿದವರೊಬ್ಬರು ಇದು "ಕಂಫರ್ಟ್ ಐಟಂ" ಅಲ್ವಾ ಸಾರ್ ಅಂತ ಕೇಳಿದ್ದರು. ರಾತ್ರಿಯಿಡೀ ಮುಖಕ್ಕೆ ಪ್ಲಾಸ್ಟಿಕ್ ಕಟ್ಟಿಕೊಂಡು ಮಲಗುವುದು ಯಾರಿಗೆ ಕಂಫರ್ಟ್ ಅಂತ ನನಗಂತೂ ತಿಳಿಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. 2017ರಲ್ಲಿ ಕೊಂಡ ಯಂತ್ರ. ಇಂಥ ಯಂತ್ರಗಳ ಆಯಸ್ಸು ಐದು ವರ್ಷದ ಆಸುಪಾಸು ಅಂತ ಲೆಕ್ಕ. ರಾತ್ರಿಗೆ ಏಳು ಗಂಟೆ ಹಿಡಿದರೂ ವರ್ಷಕ್ಕೆ ಎರಡೂವರೆ ಸಾವಿರ ಗಂಟೆ ಮೋಟಾರ್ ತಿರುಗುತ್ತದೆ. ನನ್ನದು ಅದರ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ದುಡಿದಿದೆ. ಈಗ ಅದನ್ನು ಆನ್ ಮಾಡಿದಾಗಲೆಲ್ಲ ಪರದೆಯ ಮೇಲೆ ಮೋಟಾರ್ ಆಯಸ್ಸು ಮುಗಿದಿದೆ, ಮಾರಿದವರನ್ನು ಸಂಪರ್ಕಿಸಿ ಅಂತ ಬರುತ್ತದೆ. ಓಡುತ್ತದೆ, ಆದರೆ ಶಬ್ದ ಬೇರೆಯಾಗಿದೆ. ಒತ್ತಡ ಸರಿಯಾಗಿ ಬರುತ್ತಿದೆಯೋ ಇಲ್ಲವೋ ಅನ್ನುವುದು ಮಲಗಿದವನಿಗೆ ಗೊತ್ತಾಗುವುದಿಲ್ಲ, ಅದೇ ದೊಡ್ಡ ಫಜೀತಿ. ಮಾರಿದವರು ಈ ಮಾಡೆಲ್‌ಗೆ ಬಿಡಿಭಾಗ ಬರುವುದು ನಿಂತಿದೆ, ಹೊಸದೇ ತೊಗೊಳ್ಳಿ ಅಂದರು. ವೈದ್ಯರೂ ಹೊಸ ಯಂತ್ರಕ್ಕೆ ಚೀಟಿ ಬರೆದುಕೊಟ್ಟರು.

ನಮ್ಮೂರಿನಲ್ಲಿ ಇಂಥ ಯಂತ್ರ ಬೇಗ ಸವೆಯುತ್ತದೆ ಅಂತಲೂ ಹೇಳಬೇಕು. ಬಳ್ಳಾರಿಯ ಧೂಳು ಗೊತ್ತಲ್ಲ. ಸಂಡೂರಿನ ಕಡೆಯಿಂದ ಅದಿರು ಲಾರಿಗಳು, ತೋರಣಗಲ್ಲಿನ ಕಾರ್ಖಾನೆಗಳು, ಕುಡಿತಿನಿಯ ಥರ್ಮಲ್ ವಿದ್ಯುತ್ ಸ್ಥಾವರ, ಅದರ ಮೇಲೆ ನಮ್ಮ ಯೂನಿಟ್ಟಿನ ಹತ್ತಿಯ ನವಿರು ದೂಳು. ಯಂತ್ರದ ಹಿಂದೆ ಒಂದು ಬಿಳಿ ಫಿಲ್ಟರ್ ಇರುತ್ತದೆ. ಕೈಪಿಡಿಯಲ್ಲಿ ಕೊಟ್ಟ ಅವಧಿಯವರೆಗೆ ಅದು ಬಿಳಿಯಾಗಿ ಉಳಿದದ್ದೇ ಇಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿಬಿಡುತ್ತದೆ. ಅಂಥದ್ದೇ ಥರ್ಮಲ್ ಸ್ಥಾವರ ಇರುವ ರಾಯಚೂರಿನ ಶಕ್ತಿನಗರದ ಕಡೆಯ ಗೆಳೆಯರೊಬ್ಬರಿಗೂ ಇದೇ ಯಂತ್ರ ಇದೆ, ಅವರದ್ದು ಬೂದಿ ಬಣ್ಣ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಆ ಕಾವಿನಲ್ಲಿ ರಾತ್ರಿ ಕರೆಂಟ್ ಹೋಗುತ್ತದೆ, ಬರುತ್ತದೆ, ವೋಲ್ಟೇಜ್ ಏರಿಳಿಯುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಗಾಳಿಗೆ ತೇವ ಕೊಡಲು ಯಂತ್ರದಲ್ಲಿರುವ ನೀರಿನ ಡಬ್ಬಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಡಿಸ್ಟಿಲ್ಡ್ ನೀರೇ ಬೇಕು. ಇದನ್ನೆಲ್ಲ ತಡೆದುಕೊಂಡು ಆ ಪುಟ್ಟ ಡಬ್ಬಿ ಇಷ್ಟು ವರ್ಷ ನಡೆದದ್ದೇ ದೊಡ್ಡದು.

ಹೊಸದಕ್ಕೆ ಎಷ್ಟು? ತಾನೇ ಒತ್ತಡ ಹೊಂದಿಸಿಕೊಳ್ಳುವ ಯಂತ್ರ ಬೇಕೆಂದರೆ ಸುಮಾರು ನಲವತ್ತು ಸಾವಿರ, ಐವತ್ತು ಸಾವಿರದ ಮಾತು. ಮಾಸ್ಕ್ ಬೇರೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಉಪಕರಣಗಳ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಅಷ್ಟರಮಟ್ಟಿಗೆ ಪುಣ್ಯ. ಅದೇ ದಿನದಿಂದ ನಾವು ವೈಯಕ್ತಿಕವಾಗಿ ಕಟ್ಟುವ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿಯೂ ಹೋಯಿತು. ತೆರಿಗೆ ಹೋದದ್ದು ಒಳ್ಳೆಯದೇ. ಆದರೆ ಆ ಪ್ರೀಮಿಯಂಗೆ ಪ್ರತಿಯಾಗಿ ಏನು ಸಿಗುತ್ತದೆ ಅನ್ನುವುದರಲ್ಲಿ ಏನೂ ಬದಲಾಗಿಲ್ಲ.

ನಾನು ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದವನಲ್ಲ. ಅರ್ಜಿಯಲ್ಲೇ ಸ್ಲೀಪ್ ಅಪ್ನಿಯಾ ಅಂತ ಬರೆದೆ. ಅದನ್ನು ನೋಡಿ ಪ್ರೀಮಿಯಂ ಮೇಲೆ ಲೋಡಿಂಗ್ ಅಂತ, ಅಂದರೆ ಕಾಯಿಲೆಯ ಲೆಕ್ಕದಲ್ಲಿ ಇನ್ನಷ್ಟು ದುಡ್ಡು, ಹಾಕಿದರು, ಕಟ್ಟಿದೆ. ಮೊದಲೇ ಇರುವ ಕಾಯಿಲೆ, ನಾಲ್ಕು ವರ್ಷ ವೇಟಿಂಗ್ ಪೀರಿಯಡ್, ಅಲ್ಲಿಯವರೆಗೆ ಅದಕ್ಕೆ ಕ್ಲೇಮ್ ಇಲ್ಲ ಅಂದರು, ಕಾದೆ. (ಈಗ 2024ರ ನಿಯಮದ ಪ್ರಕಾರ ಮೂರು ವರ್ಷಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ, ಓದುಗರು ಗಮನಿಸಿ.) ಒಂದು ವರ್ಷವೂ ರಿನ್ಯೂವಲ್ ತಪ್ಪಿಸಿಲ್ಲ. ಕಾಯುವುದೆಲ್ಲ ಮುಗಿದ ಮೇಲೆ, ಆ ಕಾಯಿಲೆಗೆ ಇರುವ ಮುಖ್ಯ ಚಿಕಿತ್ಸೆಯ ಯಂತ್ರ ಹಳೆಯದಾಗಿದೆ, ಬದಲಿಸಬೇಕು ಅಂತ ವೈದ್ಯರ ಚೀಟಿ, ಹಳೆಯ ಸ್ಲೀಪ್ ಸ್ಟಡಿ, ಯಂತ್ರದ ವರದಿ ಎಲ್ಲ ಇಟ್ಟು ಕ್ಲೇಮ್ ಹಾಕಿದರೆ ತಿರಸ್ಕಾರ ಅಂತ ಒಂದು ಪುಟದ ಪತ್ರ ಬಂತು. ಕಾರಣ ಎರಡು. ಆಸ್ಪತ್ರೆಯಲ್ಲಿ 24 ಗಂಟೆ ದಾಖಲಾಗಿಲ್ಲ. ಮನೆಯಲ್ಲಿ ಬಳಸುವ ಬಾಹ್ಯ ಉಪಕರಣ ಪಾಲಿಸಿಯಲ್ಲಿ ಬರುವುದಿಲ್ಲ.

ಹಾಗಾದರೆ ನಾಲ್ಕು ವರ್ಷ ಕಾಯಿಸಿದ್ದು ಯಾವುದಕ್ಕೆ? ಲೋಡಿಂಗ್ ವಸೂಲಿ ಮಾಡಿದ್ದು ಯಾವುದರ ಮೇಲೆ? ಈ ಕಾಯಿಲೆಗೆ ಸಾಮಾನ್ಯವಾಗಿ ಯಾರೂ ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ತೊಗೊಳ್ಳುವುದಿಲ್ಲ ಅಂತ ಪ್ರೀಮಿಯಂ ಲೆಕ್ಕ ಹಾಕಿದವರಿಗೆ ಗೊತ್ತಿರಲಿಲ್ವಾ? ಕಾಯಿಲೆಗೆ ಕವರ್ ಇದೆ, ಚಿಕಿತ್ಸೆಗೆ ಇಲ್ಲ ಅಂತ ಮೊದಲೇ ಹೇಳಿದ್ದರೆ ನನ್ನ ತಕರಾರು ಏನೂ ಇರುತ್ತಿರಲಿಲ್ಲ.

ತಮಾಷೆ ಏನೆಂದರೆ, ಅದೇ ಪಾಲಿಸಿಯ ಪುಸ್ತಕದಲ್ಲಿ ಸ್ಲೀಪ್ ಅಪ್ನಿಯಾ ಹೆಸರು ಇದೆ. ಎಲ್ಲಿ ಗೊತ್ತಾ? ಬೊಜ್ಜು ಕರಗಿಸುವ ಆಪರೇಷನ್ ಇರುವ ಜಾಗದಲ್ಲಿ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಕಂಪನಿಗಳಿಗೂ ಒಂದೇ ರೀತಿಯ ಷರತ್ತುಗಳ ಭಾಷೆ ಬರೆದುಕೊಟ್ಟಿದೆ. ಅದರಲ್ಲಿ ಬೊಜ್ಜಿನ ಆಪರೇಷನ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಆದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ಅಥವಾ ಮೇಲಿದ್ದರೆ ಉಂಟು, 35 ಅಥವಾ ಮೇಲಿದ್ದು ಜೊತೆಗೆ ಕೆಲವು ಗಂಭೀರ ಕಾಯಿಲೆ ಇದ್ದರೂ ಉಂಟು ಅಂತಿದೆ. ಆ ಗಂಭೀರ ಕಾಯಿಲೆಗಳ ಸಾಲಿನಲ್ಲಿ ಹೃದ್ರೋಗ ಇದೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇದೆ, ಪಕ್ಕದಲ್ಲೇ ತೀವ್ರ ಸ್ಲೀಪ್ ಅಪ್ನಿಯಾ ಇದೆ! ಅಂದರೆ ಇದು ಹೊಟ್ಟೆ ಕೊಯ್ದು ಜಠರ ಚಿಕ್ಕದು ಮಾಡಿಸುವಷ್ಟು ಗಂಭೀರ ಅಂತ ಅವರೇ ಒಪ್ಪಿದ್ದಾರೆ. ಆ ಆಪರೇಷನ್‌ಗೆ ಲಕ್ಷಗಟ್ಟಲೆ ಖರ್ಚು. ಅದಕ್ಕೆ ಹೂಂ ಅನ್ನುವ ಪಾಲಿಸಿ, ಐದಾರು ವರ್ಷಕ್ಕೊಮ್ಮೆ ಬೇಕಾಗುವ ನಲವತ್ತು ಸಾವಿರದ ಡಬ್ಬಿಗೆ ಊಹೂಂ ಅನ್ನುತ್ತದೆ.

ಇನ್ನೂ ಒಂದು ಇದೆ. ನಾನು ಈ ಯಂತ್ರ ಇಲ್ಲದೆ ಮಲಗಿ, ಉಸಿರು ಕೆಟ್ಟು, ನಾಳೆ ಐಸಿಯುಗೆ ಹೋದೆ ಅಂತಿಟ್ಟುಕೊಳ್ಳಿ. ಅಲ್ಲಿ ಇದೇ ಥರದ ಸಿಪ್ಯಾಪ್ ಅಥವಾ ಬೈಪ್ಯಾಪ್ ಮುಖಕ್ಕೆ ಕಟ್ಟುತ್ತಾರೆ. ಅಲ್ಲಿ ಅದು ಬಾಹ್ಯ ಉಪಕರಣ ಅಲ್ಲ, ಚಿಕಿತ್ಸೆಯ ಖರ್ಚಿನೊಳಗೆ ಸೇರಿಹೋಗುತ್ತದೆ. ಕಂಪನಿ ಆ ಬಿಲ್ಲನ್ನು ಮರುಮಾತಿಲ್ಲದೆ ಕಟ್ಟುತ್ತದೆ. ನನ್ನ ಮನೆಯ ಗಾಳಿಗೂ ಐಸಿಯು ಗಾಳಿಗೂ ಇರುವ ವ್ಯತ್ಯಾಸ ಬಿಲ್ಲಿನದ್ದು ಮಾತ್ರ.

ಪಾಲಿಸಿ ಮಾಡಿಸಿಕೊಟ್ಟ ಏಜೆಂಟ್ ಒಳ್ಳೆಯ ಹುಡುಗ. ನನ್ನ ಪೇಚಾಟ ನೋಡಲಾರದೆ, "ಅಣ್ಣಾ, ಒಂದ್ ದಿನ ಎಲ್ಲಾರ ಅಡ್ಮಿಟ್ ಆಗಿಬಿಡ್ರಿ, ಡಿಸ್ಚಾರ್ಜ್ ಸಮ್ಮರಿಯಾಗ ಬರಸೋಣ" ಅಂದ. ಇಂಥ ಸಲಹೆ ಊರ ತುಂಬ ಸಿಗುತ್ತದೆ. ಆರಾಮಾಗಿರುವವನು ಸುಮ್ನೆ ಹೋಗಿ ಮಂಚ ಹಿಡಿಯುವುದು, ಆಮೇಲೆ ಅದಕ್ಕೊಂದು ಬಿಲ್ಲು, ಅದಕ್ಕೊಂದು ಸುಳ್ಳು. ನಾನು ಒಲ್ಲೆ ಅಂದೆ. ಮಾಡಿದರೂ ಪ್ರಯೋಜನವಿಲ್ಲ, ಯಂತ್ರದ ಬೆಲೆಯನ್ನು ಹೇಗಿದ್ದರೂ ಕೊಡದ ಸಾಮಾನಿನ ಪಟ್ಟಿಗೆ ಹಾಕಿಬಿಡುತ್ತಾರೆ. ಆದರೆ ಆ ಹುಡುಗನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ನೇರ ದಾರಿ ಮುಚ್ಚಿಟ್ಟರೆ ಜನ ಬೇಲಿ ಹಾರುವುದನ್ನು ಕಲಿಯುತ್ತಾರೆ. ಆಮೇಲೆ ಅದೇ ಕಂಪನಿಗಳು ಈ ಭಾಗದಲ್ಲಿ ಸುಳ್ಳು ಕ್ಲೇಮ್ ಜಾಸ್ತಿ ಅಂತ ಎಲ್ಲರನ್ನೂ ಅನುಮಾನದಿಂದ ನೋಡುತ್ತವೆ.

ಸುಳ್ಳಿನ ಮಾತು ಬಂತಲ್ಲ, ಈ ಯಂತ್ರದ ವಿಷಯದಲ್ಲಿ ಸುಳ್ಳು ಹೇಳುವುದೇ ಕಷ್ಟ. ಅದರೊಳಗೆ ಒಂದು ಕಾರ್ಡ್ ಇರುತ್ತದೆ. ಯಾವ ರಾತ್ರಿ ಎಷ್ಟು ಗಂಟೆ ಹಾಕಿಕೊಂಡಿದ್ದೆ, ಮಾಸ್ಕಿನಿಂದ ಗಾಳಿ ಎಷ್ಟು ಸೋರಿತು, ಯಂತ್ರ ಹಾಕಿಕೊಂಡ ಮೇಲೂ ಎಷ್ಟು ಸಲ ಉಸಿರು ನಿಂತಿತು, ಎಲ್ಲ ದಾಖಲೆ. ಮಾತ್ರೆ ತೊಗೊಂಡೆ ಅಂತ ಸುಳ್ಳು ಹೇಳಬಹುದು, ಇದನ್ನು ಹೇಳಲಾಗದು. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ ಇದನ್ನೇ ಬಳಸಿಕೊಳ್ಳುತ್ತದೆ. ಮೊದಲ ಮೂರು ತಿಂಗಳೊಳಗೆ, ಸತತ 30 ದಿನದ ಅವಧಿಯಲ್ಲಿ ನೂರಕ್ಕೆ 70 ರಾತ್ರಿ ಕನಿಷ್ಠ ನಾಲ್ಕು ಗಂಟೆ ಬಳಸಿದ್ದು ಕಾರ್ಡಿನಲ್ಲಿ ಕಾಣಬೇಕು. ಕಂಡರೆ ಅವರು 13 ತಿಂಗಳು ಬಾಡಿಗೆ ಕಟ್ಟುತ್ತಾರೆ, ಆಮೇಲೆ ಯಂತ್ರ ರೋಗಿಯದ್ದೇ. ಐದು ವರ್ಷ ಆದ ಮೇಲೆ ಹೊಸದಕ್ಕೆ ಮತ್ತೆ ದುಡ್ಡು. ಖರ್ಚಿನ 80 ಪರ್ಸೆಂಟ್ ಅವರದ್ದು, ಉಳಿದದ್ದು ರೋಗಿಯದ್ದು. ನಮ್ಮ ಬೀಗರ ಕಡೆಯ ಹಿರಿಯರೊಬ್ಬರು ಅಲ್ಲಿದ್ದಾರೆ. ಅವರಿಗೂ ಬೇಜಾರಿದೆ. ವೈದ್ಯರ ಟಿಪ್ಪಣಿಯಲ್ಲಿ "ಬಳಸುತ್ತಿದ್ದಾರೆ, ಅನುಕೂಲವಾಗಿದೆ" ಅನ್ನುವ ಸಾಲು ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದಂತೆ, ಫೋನಿನಲ್ಲಿ ಗಂಟೆಗಟ್ಟಲೆ ಕಾಯಬೇಕಂತೆ. ಅಲ್ಲೇನೂ ಸ್ವರ್ಗ ಇಲ್ಲ. ಆದರೆ ಅವರ ಜಗಳ ಕಾಗದ ಸರಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ. ನಮ್ಮ ಜಗಳ ಅರ್ಜಿ ಹಾಕುವ ಕಿಟಕಿಯೇ ಇಲ್ಲ ಅನ್ನುವುದರ ಮೇಲೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯವರೇ ಯಂತ್ರವನ್ನು ಬಳಕೆಗೆ ಕೊಟ್ಟಿರುತ್ತಾರೆ.

ನಮ್ಮ ದೇಶದಲ್ಲಿ ಆಗುವುದೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ನೌಕರರು, ಪಿಂಚಣಿದಾರರಿಗೆ ಸಿಜಿಎಚ್‌ಎಸ್ ಅನ್ನುವ ಆರೋಗ್ಯ ಯೋಜನೆ ಇದೆ. ಅದರಲ್ಲಿ ಸ್ಲೀಪ್ ಸ್ಟಡಿ ವರದಿ, ತಜ್ಞರ ಶಿಫಾರಸು ಇಟ್ಟು ಮೊದಲೇ ಅನುಮತಿ ತೊಗೊಂಡರೆ ನಿಗದಿಯಾದ ಮಿತಿಯೊಳಗೆ ಸಿಪ್ಯಾಪ್‌ಗೆ ದುಡ್ಡು ಸಿಗುತ್ತದೆ. ಅಂದರೆ ಸರ್ಕಾರವೇ ತನ್ನ ಜನರಿಗೆ ಇದು ಚಿಕಿತ್ಸೆ ಅಂತ ಒಪ್ಪಿ ಕೊಡುತ್ತಿದೆ. ಅದೇ ಸರ್ಕಾರದ ಕಾನೂನಿನ ಕೆಳಗೆ ನಡೆಯುವ ವಿಮಾ ಕಂಪನಿಗಳಿಗೆ ಮಾತ್ರ ಇದು ವಾಕಿಂಗ್ ಸ್ಟಿಕ್ಕು, ಥರ್ಮಾಮೀಟರಿನ ಸಾಲಿನ ಸಾಮಾನು. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಅನ್ನುತ್ತದೆ. ಅದು ಕೂಡ ಆಸ್ಪತ್ರೆಯ ಚಿಕಿತ್ಸೆಗೆ.

ನಾನು ಹೇಗೋ ಸಾಲ ಸೋಲ ಮಾಡಿ ಹೊಸದು ತೊಗೊಂಡೇನು. ಇದೇ ಕಾಯಿಲೆ ಇರುವ ಅದಿರು ಲಾರಿಯ ಡ್ರೈವರ್ ಏನು ಮಾಡಬೇಕು? ಹಗಲು ತೂಕಡಿಕೆ ಈ ಕಾಯಿಲೆಯ ಒಂದು ಮುಖ್ಯ ಗುರುತು. ಮಷೀನಿನ ಮುಂದೆ ಕೂತು ನಾನು ತೂಕಡಿಸಿದರೆ ಒಂದು ಪ್ಯಾಂಟಿನ ಹೊಲಿಗೆ ಓರೆಯಾಗುತ್ತದೆ, ತುಂಬಿದ ಲಾರಿ ಓಡಿಸುವವನು ತೂಕಡಿಸಿದರೆ ಎದುರಿನಿಂದ ಬರುವವರ ಗತಿ ಏನು? ಅವನಿಗೆ ಸ್ಲೀಪ್ ಸ್ಟಡಿಗೇ ದುಡ್ಡಿಲ್ಲ, ಯಂತ್ರದ ಮಾತು ದೂರ. ಈ ಪರೀಕ್ಷೆಗೂ ನಮ್ಮ ಕಡೆಯ ಜನ ಬೆಂಗಳೂರು, ಹೈದರಾಬಾದ್ ಅಂತ ಓಡಾಡುವುದು ಇನ್ನೂ ಇದೆ. ಏಮ್ಸ್ ಆಸ್ಪತ್ರೆ ರಾಯಚೂರಿಗೇ ಕೊಡಿ ಅಂತ 2022ರಿಂದ ಜನ ಧರಣಿ ಕೂತದ್ದು ಸುಮ್ನೆ ಅಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಅಂತ 371ಜೆ ಬಂತು, ಹೆಸರೂ ಕಲ್ಯಾಣ ಕರ್ನಾಟಕ ಆಯಿತು, ಉಸಿರಿನ ಪರೀಕ್ಷೆಗೆ ಇನ್ನೂ ರೈಲು ಹತ್ತಬೇಕು.

ದುಡ್ಡಿಲ್ಲದವರು ಏನು ಮಾಡುತ್ತಾರೆ ಅಂದರೆ ಸೆಕೆಂಡ್ ಹ್ಯಾಂಡ್ ಯಂತ್ರ ಹುಡುಕುತ್ತಾರೆ. ಈ ಬಗ್ಗೆ ಓದುಗರಿಗೆ ಒಂದು ಎಚ್ಚರಿಕೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಸಿಪ್ಯಾಪ್, ಬೈಪ್ಯಾಪ್ ಯಂತ್ರಗಳನ್ನು ವಾಪಸ್ ಕರೆಯಿತು. ಶಬ್ದ ಕಡಿಮೆ ಮಾಡಲು ಒಳಗಿಟ್ಟಿದ್ದ ಫೋಮ್ ಹಳೆಯದಾಗುತ್ತ ಪುಡಿಯಾಗಿ ಉಸಿರಿನ ಜೊತೆ ಒಳಗೆ ಹೋಗಬಹುದು ಅನ್ನುವುದು ಕಾರಣ. ಜಾಸ್ತಿ ಬಿಸಿ, ಜಾಸ್ತಿ ತೇವ ಇರುವ ಕಡೆ ಅದು ಬೇಗ ಹಾಳಾಗಬಹುದು ಅಂತ ಕಂಪನಿಯೇ ಹೇಳಿತ್ತು. ನಮ್ಮ ಮೇ ತಿಂಗಳು ನೆನೆಸಿಕೊಳ್ಳಿ. ಹಾಗಾಗಿ ಯಾರೋ ಅಗ್ಗಕ್ಕೆ ಕೊಟ್ಟರು ಅಂತ ಹಳೆಯ ಯಂತ್ರ ಕೊಳ್ಳುವ ಮುಂಚೆ ಯಾವ ಮಾಡೆಲ್, ಯಾವ ವರ್ಷದ್ದು, ವಾಪಸ್ ಕರೆದ ಪಟ್ಟಿಯಲ್ಲಿ ಇದೆಯೋ ಅಂತ ನೋಡಿಕೊಳ್ಳಿ. ಇನ್ನೊಬ್ಬರ ಒತ್ತಡಕ್ಕೆ ಹೊಂದಿಸಿದ ಯಂತ್ರವನ್ನು ಹಾಗೇ ಹಾಕಿಕೊಳ್ಳಲೂಬೇಡಿ. ಆದರೆ ಇಷ್ಟೆಲ್ಲ ಬುದ್ಧಿ ಹೇಳಿದ ಮೇಲೂ, ಹೊಸದಕ್ಕೆ ದುಡ್ಡಿಲ್ಲದವನಿಗೆ ನಾನೇನು ಹೇಳಲಿ?

ಕಂಪನಿಯವರ ಇನ್ನೊಂದು ವಾದ ಕೇಳಿ. ಯಂತ್ರ ಇನ್ನೂ ಓಡುತ್ತಿದೆಯಲ್ಲ, ಪೂರ್ತಿ ಕೆಡಲಿ, ಆಮೇಲೆ ನೋಡೋಣ. ಇದನ್ನು ತುಂಗಭದ್ರೆಯ ನೀರು ಕುಡಿದವರ ಮುಂದೆ ಹೇಳಬಾರದು. 2024ರ ಆಗಸ್ಟ್‌ನಲ್ಲಿ ಟಿಬಿ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದ ರಾತ್ರಿ ನಮ್ಮ ಭಾಗದ ರೈತರು ಹೇಗೆ ಕಳೆದರು ಅಂತ ಎಲ್ಲರಿಗೂ ಗೊತ್ತು. ಅದು ಕೂಡ ಹಿಂದಿನ ಸಂಜೆಯವರೆಗೆ ಕೆಲಸ ಮಾಡುತ್ತಲೇ ಇತ್ತು. ಗೇಟಿಗಾದರೆ ತಜ್ಞರನ್ನು ಕರೆಸಿ, ತುಂಡು ತುಂಡು ಇಳಿಸಿ, ವಾರದಲ್ಲಿ ನೀರು ನಿಲ್ಲಿಸಿದರು. ಮಲಗಿದವನ ಉಸಿರಿಗೆ ವಾರದ ಕಾಲಾವಕಾಶ ಇಲ್ಲ.

ಕ್ಲೇಮ್ ತಿರಸ್ಕಾರ ಆದವರು ಸುಮ್ಮನಾಗಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಇಮೇಲ್ ಇಲ್ಲವೇ ಸ್ಪೀಡ್ ಪೋಸ್ಟ್ ಇರಲಿ. ಐಆರ್‌ಡಿಎಐನವರ ಬಿಮಾ ಭರೋಸಾ ಅನ್ನುವ ಪೋರ್ಟಲ್ ಇದೆ, 155255ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳೊಳಗೆ ಕಂಪನಿಯಿಂದ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ತಕರಾರು ಕೇಳುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಒಂದು ವರ್ಷದೊಳಗೆ ಹೋಗಬೇಕು, ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ಅವರ ತೀರ್ಪನ್ನು ಕಂಪನಿ ಪಾಲಿಸಲೇಬೇಕು, ನಮಗೆ ಒಪ್ಪಿಗೆಯಾಗದಿದ್ದರೆ ಜಿಲ್ಲೆಯ ಗ್ರಾಹಕರ ಆಯೋಗದ ಬಾಗಿಲು ಇದ್ದೇ ಇದೆ. ನಾನೂ ದೂರು ಕೊಟ್ಟಿದ್ದೇನೆ. ಆದರೆ ಸುಳ್ಳು ಭರವಸೆ ಕೊಡಲಾರೆ. ಅಲ್ಲಿ ಕೂತವರು ಪಾಲಿಸಿಯಲ್ಲಿ ಬರೆದದ್ದನ್ನು ಓದಿಯೇ ಹೇಳುತ್ತಾರೆ. ಉಪಕರಣ ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿದ್ದರೆ, ಗೆಲ್ಲುವುದು ಕಷ್ಟ. ಅದಕ್ಕೇ ಕಂಪನಿಯೊಂದಿಗೆ ಒಬ್ಬೊಬ್ಬರೇ ಗುದ್ದಾಡುವುದಕ್ಕಿಂತ ಆ ಷರತ್ತು ಬದಲಾಗಬೇಕು ಅಂತ ಈ ಪತ್ರ.

ಹೊಸದಾಗಿ ಪಾಲಿಸಿ ಮಾಡಿಸುವವರಿಗೆ, ಬೇರೆ ಕಂಪನಿಗೆ ಬದಲಿಸುವವರಿಗೆ ಒಂದು ಮಾತು. ಈಚೆಗೆ ಕೆಲವು ಪಾಲಿಸಿಗಳಲ್ಲಿ ಮನೆಯಲ್ಲಿ ಬಳಸುವ ಉಪಕರಣಗಳಿಗೆ ಕವರ್ ಬಂದಿದೆ. ಕೆಲವು ಕಡೆ ಅದಕ್ಕೆ ಬೇರೆ ಪ್ರೀಮಿಯಂ. ಸಿಪ್ಯಾಪ್, ಆಕ್ಸಿಜನ್ ಕಾನ್ಸಂಟ್ರೇಟರ್, ಗಾಲಿಕುರ್ಚಿ ಇಂಥವು ಅದರಲ್ಲಿ ಬರುತ್ತವೆ. ಕೊಡಬಾರದು ಅನ್ನುವ ನಿಯಮ ಇಲ್ಲ, ಮನಸ್ಸಿದ್ದರೆ ಕೊಡಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಏಜೆಂಟ್ ಬಾಯಿಮಾತು ನಂಬದೆ, ಸಿಪ್ಯಾಪ್ ಅಂತ ಹೆಸರು ಇದೆಯಾ, ಎಷ್ಟು ಮಿತಿ, ಎಷ್ಟು ವರ್ಷ ಕಾಯಬೇಕು, ಮೊದಲ ಯಂತ್ರಕ್ಕೆ ಮಾತ್ರವೋ ಹಳೆಯದನ್ನು ಬದಲಿಸಲಿಕ್ಕೂ ಉಂಟೋ ಅಂತ ಬರಹದಲ್ಲಿ ಕೇಳಿ. ಕೊನೆಯ ಪ್ರಶ್ನೆಗೆ ಯಾರೂ ಬೇಗ ಉತ್ತರ ಕೊಡುವುದಿಲ್ಲ, ಬಿಡದೆ ಕೇಳಿ. ಜೊತೆಗೆ ಯಂತ್ರದ ಕಾರ್ಡಿನ ವರದಿಯನ್ನು ವರ್ಷಕ್ಕೊಮ್ಮೆಯಾದರೂ ಪ್ರಿಂಟ್ ತೆಗೆದು, ವೈದ್ಯರಿಂದ ಸಹಿ ಹಾಕಿಸಿ ಇಟ್ಟುಕೊಳ್ಳಿ. ಯಂತ್ರ ಒಮ್ಮೆ ನಿಂತುಹೋದರೆ ಆ ದಾಖಲೆ ತೆಗೆಯುವುದೇ ಒಂದು ತಲೆನೋವು.

ನಮ್ಮ ಸಂಸದರಿಗೂ ಐಆರ್‌ಡಿಎಐಗೂ ನನ್ನ ಬೇಡಿಕೆ ದೊಡ್ಡದೇನಲ್ಲ. ತೀವ್ರ ಸ್ಲೀಪ್ ಅಪ್ನಿಯಾಗೆ ಬೊಜ್ಜಿನ ಆಪರೇಷನ್ ಕೊಡುವ ಪ್ರತಿ ಪಾಲಿಸಿಯೂ ಅದೇ ಕಾಯಿಲೆಗೆ ಸಿಪ್ಯಾಪ್ ಕೊಡಬೇಕು. ಐದು ವರ್ಷ ದಾಟಿದ ಯಂತ್ರಕ್ಕೆ, ಬಳಕೆಯ ವರದಿ ಮತ್ತು ವೈದ್ಯರ ಚೀಟಿ ಇದ್ದರೆ, ಮತ್ತೆ ಅಡ್ಮಿಷನ್ ಕೇಳದೆ ಬದಲಿ ಯಂತ್ರದ ದುಡ್ಡು ಕೊಡಬೇಕು. ಬೇಕಿದ್ದರೆ ಸಿಜಿಎಚ್‌ಎಸ್‌ನಂತೆ ಮಿತಿ ಹಾಕಲಿ, ಖರ್ಚಿನಲ್ಲಿ ನಮ್ಮ ಪಾಲೂ ಇರಲಿ, ಅದಕ್ಕೆ ತಕರಾರಿಲ್ಲ. ಮೆಡಿಕಲ್ ಕಾಲೇಜು ಇರುವ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿಎಲ್ ಕಾರ್ಡಿನವರಿಗೆ ಸ್ಲೀಪ್ ಸ್ಟಡಿ ಪುಕ್ಕಟೆ ಆಗಲಿ, ಯಂತ್ರವನ್ನು ಆಸ್ಪತ್ರೆಯೇ ಬಳಕೆಗೆ ಕೊಟ್ಟು ವಾಪಸ್ ಪಡೆಯುವ ವ್ಯವಸ್ಥೆ ಮಾಡಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಭಾರವಾಗುವ ಖರ್ಚಲ್ಲ. ಕರೆಂಟಿನ ಚಿಂತೆಯೂ ಇಲ್ಲ. ನೀರು ಬಿಸಿ ಮಾಡುವುದೂ ಸೇರಿ 50 ವ್ಯಾಟ್ ಹಿಡಿದರೆ ರಾತ್ರಿಗೆ ಅರ್ಧ ಯೂನಿಟ್ ಕೂಡ ಆಗದು, ತಿಂಗಳಿಗೆ 12 ಯೂನಿಟ್ ಅಷ್ಟೇ. ಜೆಸ್ಕಾಂನವರು ರಾತ್ರಿ ಹೊತ್ತು ಕರೆಂಟ್ ತೆಗೆಯದಿದ್ದರೆ ಸಾಕು.

ನನ್ನ ಪಾಲಿಸಿಯ ರಿನ್ಯೂವಲ್ ಪತ್ರ ಮತ್ತೆ ಬಂದಿದೆ. ವಯಸ್ಸಿನ ಲೆಕ್ಕದಲ್ಲಿ ಪ್ರೀಮಿಯಂ ಏರಿದೆ, ಸ್ಲೀಪ್ ಅಪ್ನಿಯಾದ ಲೋಡಿಂಗ್ ಹಾಗೇ ಇದೆ. ಬೇರೇನೂ ಆಗದಿದ್ದರೂ, ಲೋಡಿಂಗ್ ಹಾಕುವ ಕಾಯಿಲೆಯ ಹೆಸರಿನ ಎದುರಿಗೇ, ಅದಕ್ಕೆ ಯಾವ ಚಿಕಿತ್ಸೆಗೆ ದುಡ್ಡು ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಅಂತ ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಬೇಕು ಅಂತ ಐಆರ್‌ಡಿಎಐ ನಾಳೆಯೇ ಆದೇಶ ಮಾಡಬಹುದು. ಇದನ್ನು ಓದುವ ವಿಮಾ ಕಂಪನಿಯವರು ಯಾರಾದರೂ ಇದ್ದರೆ, ಇದೇ ಅಂಕಣದಲ್ಲಿ ಉತ್ತರ ಬರೆಯಲಿ. ಸಂಪಾದಕರು ಜಾಗ ಕೊಡುತ್ತಾರೆ ಅಂದುಕೊಂಡಿದ್ದೇನೆ.

ಇಂತಿ,
ಒಬ್ಬ ಓದುಗ
ಕೌಲ್ ಬಜಾರ್, ಬಳ್ಳಾರಿ